ಸಿ ಬ್ಲಾಕಿಗೆ ನೀರು ಬರದ ದಿನ

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ನನಗೆ ಮನೆಯಲ್ಲಿ ಅಮ್ಮನ ಹತ್ತಿರ ಬೈಸಿಕೊಳ್ಳೋ ಭಾಷೆ, ಸ್ಕೂಲಲ್ಲಿ ಸೆಕೆಂಡ್ ಲ್ಯಾಂಗ್ವೇಜ್. ಹತ್ತನೇ ಕ್ಲಾಸಿನ ಪ್ರಬಂಧದ ನಂತರ ಇಷ್ಟುದ್ದ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ಸಂಘದ ಸೀನಿಯರ್ ಒಬ್ಬರು "ಟೆಕ್ನಿಕಲ್ ವಿಷಯಾನೇ ಬರಿ, ಆದ್ರೆ ನೆಟ್‌ನಿಂದ ಕಾಪಿ ಹೊಡೀಬೇಡ, ನಿನಗೆ ಆಗಿದ್ದು ಬರಿ" ಅಂದರು. ನನಗೆ ಆಗಿದ್ದು ಅಂತ ಹೇಳಿಕೊಳ್ಳೋಕೆ ಇರೋದು ಇದೊಂದೇ. ಇದರಲ್ಲಿ ನಾನು ಹೀರೋ ಅಲ್ಲ. ಸಿವಿಲ್, ಮೆಕ್ಯಾನಿಕಲ್‌ನವರು ಓಡಿಹೋಗಬೇಡಿ, ಕೋಡ್ ಒಂದು ಸಾಲೂ ಬರಲ್ಲ.

ನಮ್ಮ ಹಾಸ್ಟೆಲಿನಲ್ಲಿ ನಾಲ್ಕು ಬ್ಲಾಕ್ ಇವೆ. ಎ, ಬಿ, ಸಿ, ಡಿ. ನಾಲ್ಕರ ತಾರಸಿಯ ಮೇಲೂ ಒಂದೊಂದು ಟ್ಯಾಂಕ್. ಕೆಳಗಿನ ಸಂಪಿನಿಂದ ಮೋಟಾರ್ ಹಾಕಿ, ಯಾವ ಬ್ಲಾಕಿನ ಟ್ಯಾಂಕ್ ಖಾಲಿ ಇದೆಯೋ ಅದರ ವಾಲ್ವ್ ತಿರುಗಿಸಿ ನೀರು ಏರಿಸಬೇಕು. ಈ ಕೆಲಸ ಮಾಡೋರು ಒಬ್ಬರೇ ಒಬ್ಬರು, ನಮ್ಮ ನೀರುಗಂಟಿ ಅಣ್ಣ. ವಯಸ್ಸು ಐವತ್ತರ ಮೇಲೆ. ಬೆಳಿಗ್ಗೆ ಐದಕ್ಕೆ ನಾಲ್ಕೂ ತಾರಸಿ ಹತ್ತಿ, ಟ್ಯಾಂಕಿನೊಳಗೆ ಕೋಲು ಇಳಿಸಿ ನೋಡಿ ಇಳಿಯೋರು. ಅವರಿಗೆ ಮಂಡಿನೋವು. ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಕಂಬಿ ಹಿಡ್ಕೊಂಡು ನಿಂತು ಉಸಿರು ಬಿಡೋರು.

ನನ್ನ ರೂಮ್‌ಮೇಟ್ ಗದಗ ಕಡೆಯವನು. ಎಲೆಕ್ಟ್ರಾನಿಕ್ಸ್. ಹತ್ತನೇ ಕ್ಲಾಸ್‌ವರೆಗೂ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವನು. ಮೂರನೇ ಸೆಮ್ ಶುರುವಿನಲ್ಲಿ ಒಂದು ದಿನ ಅವನೇ ಅಂದ, "ಲೇ, ನಾಕೂ ಟ್ಯಾಂಕಿಗೆ ಒಂದೊಂದು ಸೆನ್ಸರ್ ಹಾಕಿದ್ರ ಆ ಅಣ್ಣ ದಿನಾ ಹತ್ತೋದು ತಪ್ಪತೈತಿ." ಐಡಿಯಾ ಅವನದು. ಮಿನಿ ಪ್ರಾಜೆಕ್ಟಿಗೂ ಆಯ್ತು, ಒಳ್ಳೆ ಕೆಲಸವೂ ಆಯ್ತು ಅಂತ ನಾನು ಸೇರಿಕೊಂಡೆ. ಸೆನ್ಸರ್, ಬೋರ್ಡು, ವೈರಿಂಗ್ ಅವನ ಪಾಲು. ಸಾಫ್ಟ್‌ವೇರ್ ನನ್ನ ಪಾಲು.

ಅವನ ಬೋರ್ಡುಗಳು ಐದೈದು ಸೆಕೆಂಡಿಗೆ ಒಂದು ಸಾಲು ಕಳಿಸೋವು. ಬ್ಲಾಕಿನ ಹೆಸರು, ಸಮಯ, ನೀರಿನ ಮಟ್ಟ ಶೇಕಡಾ ಎಷ್ಟು ಅನ್ನೋದು, ಮಧ್ಯೆ ಅಲ್ಪವಿರಾಮ. ಇದನ್ನ ಓದಿ, ಬಿಡಿಸಿ, ಫೈಲಿಗೆ ಬರೆಯೋಕೆ ಸಿ ಭಾಷೆಯಲ್ಲಿ ಒಂದು ಪುಟ್ಟ ಲೈಬ್ರರಿ ಬರೆದೆ. ಅದಕ್ಕೆ 'ಸಾಲು' ಅಂತ ಹೆಸರಿಟ್ಟೆ. ರೆಡಿಮೇಡ್ ಬಳಸದೆ ನಾನೇ ಲೈಬ್ರರಿ ಬರೆದಿದ್ದೀನಿ ಅಂತ ಕ್ಲಾಸಲ್ಲಿ ಹೇಳಿಕೊಂಡು ತಿರುಗಿದ್ದೂ ಉಂಟು. ಲ್ಯಾಬಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಸಿಕ್ತು. ಅದರ ಮೇಲೆ ಸರ್ವರ್ ಪ್ರೋಗ್ರಾಂ. ನಾಲ್ಕು ಬ್ಲಾಕಿಗೆ ನಾಲ್ಕು ಥ್ರೆಡ್.

ಥ್ರೆಡ್ ಅಂದ್ರೆ ಏನು ಅಂತ ಒಂದು ಮಾತು. ಒಂದೇ ಅಡುಗೆಮನೆಯಲ್ಲಿ ನಾಲ್ಕು ಜನ ಭಟ್ಟರು ಕೆಲಸ ಮಾಡಿದ ಹಾಗೆ. ಪ್ರೋಗ್ರಾಂ ಒಂದೇ, ಮೆಮರಿ ಒಂದೇ, ಕೆಲಸ ಮಾಡೋ ಕೈಗಳು ಮಾತ್ರ ನಾಲ್ಕು. ಒಲೆ, ಪಾತ್ರೆ, ಉಪ್ಪಿನ ಡಬ್ಬಿ ಎಲ್ಲ ಎಲ್ಲರಿಗೂ ಸೇರಿದ್ದು. ಯಾರು ಯಾವಾಗ ಎಷ್ಟು ಹೊತ್ತು ಒಲೆ ಮುಂದೆ ಇರ್ತಾರೆ ಅನ್ನೋದು ಆಪರೇಟಿಂಗ್ ಸಿಸ್ಟಮ್ ಇಷ್ಟ. ಒಬ್ಬರು ಸಾರಿಗೆ ಉಪ್ಪು ಹಾಕಿ ಆ ಕಡೆ ತಿರುಗಿದಾಗ ಇನ್ನೊಬ್ಬರು ಬಂದು ಮತ್ತೆ ಉಪ್ಪು ಹಾಕಬಹುದು.

ಪ್ರತಿ ದಿನ ಬೆಳಿಗ್ಗೆ ಐದಕ್ಕೆ ನಮ್ಮ ಪ್ರೋಗ್ರಾಂನಿಂದ ನೀರುಗಂಟಿ ಅಣ್ಣನ ಫೋನಿಗೆ ಒಂದು ಮೆಸೇಜ್ ಹೋಗೋದು. ಎ ಇಷ್ಟು, ಬಿ ಇಷ್ಟು, ಸಿ ಇಷ್ಟು, ಡಿ ಇಷ್ಟು. ವಾರ್ಡನ್ ಒಂದು ತಿಂಗಳ ಟ್ರಯಲ್‌ಗೆ ಒಪ್ಪಿದರು. ಮೊದಲ ಎರಡು ವಾರ ಚೆನ್ನಾಗಿ ನಡೀತು. ಅಣ್ಣ ತಾರಸಿ ಹತ್ತೋದು ನಿಲ್ಲಿಸಿದರು. ಮೆಸ್ಸಿನಲ್ಲಿ ಸಿಕ್ಕಿದಾಗ "ನಿಮ್ಮಿಂದ ನನ್ ಕಾಲು ಉಳೀತು ಕಣ್ರಪ್ಪಾ" ಅಂದರು. ಆವತ್ತು ರಾತ್ರಿ ನಾನು ಅಮ್ಮನಿಗೆ ಫೋನ್ ಮಾಡಿ ಅದನ್ನೇ ಎರಡು ಸಲ ಹೇಳಿದೆ.

ಮೂರನೇ ವಾರ, ಎರಡನೇ ಇಂಟರ್ನಲ್ಸ್‌ನ ಮೊದಲ ದಿನ, ಸಿ ಬ್ಲಾಕಿಗೆ ನೀರಿಲ್ಲ. ಏಳು ಗಂಟೆಗೆ ಹುಡುಗರು ಬಕೆಟ್ ಹಿಡ್ಕೊಂಡು ಡಿ ಬ್ಲಾಕಿನ ಬಾತ್‌ರೂಮ್ ಮುಂದೆ ಸಾಲು ನಿಂತಿದ್ರು. ವಾರ್ಡನ್ ಬಂದವರೇ ಎಲ್ಲರ ಮುಂದೆ ನೀರುಗಂಟಿ ಅಣ್ಣನ ಮೇಲೆ ಕೂಗಾಡಿದರು. ಅವರು ಮಾತಾಡದೆ ಫೋನ್ ತೆಗೆದು ತೋರಿಸಿದರು. ಮೆಸೇಜಿನಲ್ಲಿ ಸಿ ಬ್ಲಾಕ್ ಶೇಕಡಾ 91. ಟ್ಯಾಂಕಿನ ತಳ ಕಾಣ್ತಿತ್ತು.

ನಮ್ಮಿಬ್ಬರನ್ನೂ ಕರೆಸಿದರು. ಏನಾಯ್ತು ಅಂತ ಕೇಳಿದರು. ನನ್ನ ರೂಮ್‌ಮೇಟ್ ಬಾಯಿ ತೆರೆಯೋದ್ರೊಳಗೆ ನಾನೇ ಶುರು ಮಾಡಿದೆ, ಇಂಗ್ಲಿಷಲ್ಲಿ. ಸಾಫ್ಟ್‌ವೇರ್ ಪೂರ್ತಿ ಟೆಸ್ಟ್ ಆಗಿದೆ, ಅಲ್ಟ್ರಾಸಾನಿಕ್ ಸೆನ್ಸರ್ ಮೇಲೆ ನೀರಿನ ಪಸೆ ಕೂತ್ರೆ ರೀಡಿಂಗ್ ತಪ್ಪು ಬರೋದುಂಟು, ಟ್ಯಾಂಕಿನ ಗೋಡೆಗೆ ಬಡಿದು ವಾಪಸ್ ಬಂದ್ರೂ ಬರೋದುಂಟು, ಸಮಸ್ಯೆ ಹಾರ್ಡ್‌ವೇರ್ ಕಡೆಯದು ಅಂದೆ. ಹೇಳಿದ್ದೆಲ್ಲ ಕೇಳೋಕೆ ಸರಿಯಾಗೇ ಇತ್ತು. ನಿರರ್ಗಳವಾಗಿ ಹೇಳಿದೆ. ವಾರ್ಡನ್ ತಲೆ ಆಡಿಸಿ, ಅವನ ಕಡೆ ತಿರುಗಿ "ನೀನು ಸರಿ ಮಾಡಪ್ಪ ಅದನ್ನ" ಅಂದರು. ಅವನು "ಆತು ಸರ್" ಅಂದ. ಅಷ್ಟೇ.

ಈಗ ಯೋಚಿಸಿದ್ರೆ, ಆವತ್ತು ನನ್ನ ಹತ್ತಿರ ಯಾವ ಸಾಕ್ಷಿಯೂ ಇರಲಿಲ್ಲ. ನನ್ನದು ತಪ್ಪಿರಲ್ಲ ಅನ್ನೋ ನಂಬಿಕೆ ಎಲ್ಲಿಂದ ಬಂತು? ಅವನು ವೈವಾದಲ್ಲಿ ತಡವರಿಸ್ತಾನೆ, ನಾನು ತಡವರಿಸಲ್ಲ. ಅದಕ್ಕೆ ಅವನ ವೈರಿಂಗ್ ತಪ್ಪು, ನನ್ನ ಕೋಡ್ ಸರಿ. ಇಷ್ಟೇ ಇತ್ತು ನನ್ನ ಲಾಜಿಕ್. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅಂತ ಅಮ್ಮ ಹೇಳೋದು ನನಗೇ ಅನ್ವಯ ಆಗುತ್ತೆ ಅಂತ ಆಗ ಹೊಳೀಲಿಲ್ಲ.

ಅವನು ಆ ಇಂಟರ್ನಲ್ಸ್ ವಾರದಲ್ಲಿ ಎರಡು ರಾತ್ರಿ ತಾರಸಿಯ ಮೇಲಿದ್ದ. ಸಿ ಬ್ಲಾಕಿನ ಸೆನ್ಸರ್ ಬಿಚ್ಚಿ ಎ ಬ್ಲಾಕಿಗೆ ಹಾಕಿದ, ಅಲ್ಲಿಯದನ್ನ ಇಲ್ಲಿಗೆ ತಂದ. ವೈರ್ ಬದಲಾಯಿಸಿದ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಸೋಲ್ಡರ್ ಮಾಡಿದ. ಏನು ಮಾಡಿದ್ರೂ ಒಂದೊಂದು ಸಲ ತಪ್ಪು ಬರೋದು ನಿಲ್ಲಲಿಲ್ಲ. ನೀರುಗಂಟಿ ಅಣ್ಣ ಮತ್ತೆ ಕೋಲು ಹಿಡ್ಕೊಂಡು ನಾಲ್ಕೂ ತಾರಸಿ ಹತ್ತೋಕೆ ಶುರು ಮಾಡಿದರು.

ಒಂದು ಭಾನುವಾರ ಅವನು ನನ್ನ ಮುಂದೆ ಒಂದು ನೋಟ್‌ಬುಕ್ ಇಟ್ಟ. ನೂರು ಪುಟದ್ದು. ಪುಟದ ಮಧ್ಯೆ ಸ್ಕೇಲಿಟ್ಟು ಗೆರೆ ಎಳೆದಿದ್ದ. ಎಡಗಡೆ 'ಕಳಿಸಿದ್ದು', ಬಲಗಡೆ 'ಬಂದದ್ದು'. ಬೋರ್ಡಿಗೆ ಲ್ಯಾಪ್‌ಟಾಪ್ ಹಚ್ಚಿ, ಅದು ಏನು ಕಳಿಸ್ತು ಅನ್ನೋದನ್ನ ನೋಡಿ ಕೈಯಲ್ಲಿ ಬರೆದುಕೊಂಡಿದ್ದ. ಆಮೇಲೆ ನನ್ನ ಫೈಲಿನಲ್ಲಿ ಅದೇ ಸೆಕೆಂಡಿಗೆ ಏನಿದೆ ಅಂತ ಹುಡುಕಿ ಎದುರಿಗೆ ಬರೆದಿದ್ದ. ಪುಟಗಟ್ಟಲೆ.

"ಇದನ್ನೊಂದ್ಸಲ ನೋಡು" ಅಂದ. "ಸೆನ್ಸರ್ 23 ಅಂತ ಕಳಿಸೈತಿ. ನಿನ್ ಫೈಲ್‌ನ್ಯಾಗ 91 ಬರದೈತಿ. ಅದ ಸೆಕೆಂಡಿಗೆ ಡಿ ಬ್ಲಾಕಿಂದು ಎಷ್ಟೈತಿ ನೋಡು."

ಡಿ ಬ್ಲಾಕಿನದು 91.

ಅವನು ಇನ್ನೊಂದು ವಿಷಯಾನೂ ಗುರುತು ಹಾಕಿದ್ದ. ತಪ್ಪುಗಳೆಲ್ಲ ಹೆಚ್ಚಾಗಿ ಕರೆಂಟ್ ಹೋಗಿ ಬಂದ ಮೇಲಿನ ಸ್ವಲ್ಪ ಹೊತ್ತಿನಲ್ಲಿ. ಕರೆಂಟ್ ಬಂದಾಗ ನಾಲ್ಕೂ ಬೋರ್ಡು ಒಟ್ಟಿಗೆ ಆನ್ ಆಗ್ತವೆ, ಒಟ್ಟಿಗೆ ಐದು ಸೆಕೆಂಡ್ ಎಣಿಸ್ತವೆ, ನಾಲ್ಕೂ ಸಾಲು ಹೆಚ್ಚುಕಡಿಮೆ ಒಟ್ಟಿಗೆ ನನ್ನ ಸರ್ವರಿಗೆ ಬಂದು ಬೀಳ್ತವೆ. ಹೊತ್ತು ಕಳೆದ ಹಾಗೆ ಒಂದೊಂದರ ಗಡಿಯಾರ ಚೂರು ಚೂರು ಆಚೀಚೆ ಆಗಿ ಬೇರೆ ಬೇರೆ ಹೊತ್ತಿಗೆ ಬರೋಕೆ ಶುರು ಆಗುತ್ತೆ. ಆಗ ತಪ್ಪು ನಿಲ್ಲುತ್ತೆ. ಆ ಇಂಟರ್ನಲ್ಸ್ ದಿನ ಕರೆಂಟ್ ಬಂದದ್ದು ಬೆಳಿಗ್ಗೆ ಐದಕ್ಕೆ ಸ್ವಲ್ಪ ಮುಂಚೆ.

ನಾನು ಏನೂ ಮಾತಾಡಲಿಲ್ಲ. ಲ್ಯಾಪ್‌ಟಾಪ್ ತೆಗೆದು 'ಸಾಲು' ಲೈಬ್ರರಿ ತೆರೆದೆ. ತಪ್ಪು ಕಾಣೋಕೆ ಐದು ನಿಮಿಷವೂ ಬೇಕಾಗಲಿಲ್ಲ. ಸಾಲನ್ನ ಬಿಡಿಸೋ ಫಂಕ್ಷನ್ ಒಳಗೆ ಬಿಡಿಸಿದ್ದನ್ನ ಇಡೋಕೆ ಒಂದು ಜಾಗ ಮಾಡಿಕೊಂಡಿದ್ದೆ, ಸ್ಟ್ಯಾಟಿಕ್ ಅಂತ. ಫಂಕ್ಷನ್ ಮುಗಿದ್ರೂ ಆ ಜಾಗ ಉಳಿಯುತ್ತೆ, ಅದರ ಪಾಯಿಂಟರ್ ವಾಪಸ್ ಕೊಟ್ರೆ ಸಾಕು, ಎಷ್ಟು ಸುಲಭ ಅಂದುಕೊಂಡಿದ್ದೆ. ಆದ್ರೆ ಸ್ಟ್ಯಾಟಿಕ್ ಅಂದ್ರೆ ಇಡೀ ಪ್ರೋಗ್ರಾಂಗೆ ಆ ಜಾಗ ಒಂದೇ. ಸಿ ಬ್ಲಾಕಿನ ಥ್ರೆಡ್ ತನ್ನ ಸಾಲು ಬಿಡಿಸಿ 23 ಅಂತ ಅಲ್ಲಿಟ್ಟು, ಫೈಲಿಗೆ ಬರೆಯೋಕೆ ಕಾಯ್ತಾ ನಿಲ್ಲುತ್ತೆ. ಅಷ್ಟರಲ್ಲಿ ಡಿ ಬ್ಲಾಕಿನ ಥ್ರೆಡ್ ಬಂದು ಅದೇ ಜಾಗದಲ್ಲಿ 91 ಇಡುತ್ತೆ. ಸಿ ಬ್ಲಾಕಿನವನ ಸರದಿ ಬಂದಾಗ ಅವನು ಬರೆಯೋದು ತನ್ನ ಬ್ಲಾಕಿನ ಹೆಸರು, ಪಕ್ಕದವನ ನೀರು.

ನಾನು ಟೆಸ್ಟ್ ಮಾಡಿದ್ದು ನಿಜ. ಹೇಗೆ ಗೊತ್ತಾ? ಫೈಲಿನಿಂದ ಒಂದಾದ ಮೇಲೊಂದು ಸಾಲು ಓದಿಸಿ. ಒಬ್ಬರೇ ಅಡುಗೆ ಮಾಡಿದ್ರೆ ಉಪ್ಪು ಎರಡು ಸಲ ಬೀಳೋದು ಹೇಗೆ?

ಈಗ ಪಾಠದ ಭಾಗ. ಮೂರನೇ ಸೆಮ್‌ನಲ್ಲಿ ಓಎಸ್ ಮೇಡಂ ರೇಸ್ ಕಂಡಿಷನ್ ಪಾಠ ಮಾಡಿದ್ರು, ನಾನು ಐದು ಮಾರ್ಕಿನ ಉತ್ತರವೂ ಬರೆದಿದ್ದೆ. ಅರ್ಥ ಆದದ್ದು ಮಾತ್ರ ಈಗ. ನೀವೂ ಮಾಡಿ ನೋಡಬಹುದು. ಒಂದು ವೇರಿಯಬಲ್ ಇಟ್ಟು, ಎರಡು ಥ್ರೆಡ್‌ಗಳಿಗೂ ಅದನ್ನ ಹತ್ತು ಹತ್ತು ಲಕ್ಷ ಸಲ ಒಂದೊಂದು ಏರಿಸೋಕೆ ಹೇಳಿ. ಕಂಪೈಲರ್ ಆಪ್ಟಿಮೈಸೇಷನ್ ಆನ್ ಮಾಡಬೇಡಿ. ಕೊನೆಗೆ 20 ಲಕ್ಷ ಬರಬೇಕು. ನನಗೆ ಒಂದು ಸಲ ಹದಿಮೂರು ಲಕ್ಷ ಚಿಲ್ಲರೆ ಬಂತು, ಇನ್ನೊಂದು ಸಲ ಹನ್ನೊಂದು. ಯಾಕಂದ್ರೆ ನಮಗೆ ಒಂದೇ ಕೆಲಸದ ಥರ ಕಾಣೋ 'ಒಂದು ಏರಿಸು' ಅನ್ನೋದು ಪ್ರೊಸೆಸರ್‌ಗೆ ಮೂರು ಕೆಲಸ. ಮೆಮರಿಯಿಂದ ತಗೋ, ಒಂದು ಕೂಡು, ವಾಪಸ್ ಇಡು. ಇಬ್ಬರೂ ಒಟ್ಟಿಗೆ 7 ಅನ್ನೋದನ್ನ ತಗೊಂಡು, ಇಬ್ಬರೂ ಕೂಡಿ, ಇಬ್ಬರೂ 8 ಅಂತ ಇಟ್ಟರೆ ಒಂದು ಎಣಿಕೆ ಮಾಯ.

ಇದರ ದೊಡ್ಡ ಕಾಟ ಅಂದ್ರೆ ಹಿಡಿಯೋಕೆ ಹೋದ್ರೆ ಸಿಗಲ್ಲ. ಎಲ್ಲಿ ತಪ್ಪಾಗ್ತಿದೆ ನೋಡೋಣ ಅಂತ ಮಧ್ಯೆ ಮಧ್ಯೆ ಪ್ರಿಂಟ್‌ಎಫ್ ಹಾಕಿದೆ. ತಪ್ಪು ಬರೋದೇ ನಿಂತುಹೋಯ್ತು. ಪ್ರಿಂಟ್ ಮಾಡೋಕೆ ಹಿಡಿಯೋ ಚೂರು ಸಮಯದಲ್ಲಿ ಥ್ರೆಡ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯೋದು ತಪ್ಪಿತ್ತು. ತೆಗೆದೆ, ಮತ್ತೆ ಬಂತು.

ಮೊದಲ ರಿಪೇರಿ ಎಲ್ಲರೂ ಮಾಡೋದೇ. ಬೀಗ ಹಾಕಿದೆ. ಮ್ಯೂಟೆಕ್ಸ್ ಅಂತಾರೆ. ಒಬ್ಬರು ಒಳಗಿದ್ರೆ ಇನ್ನೊಬ್ಬರು ಹೊರಗೆ ಕಾಯಬೇಕು. ಬಿಡಿಸೋ ಫಂಕ್ಷನ್ ಶುರುವಿನಲ್ಲಿ ಬೀಗ, ಕೊನೆಯಲ್ಲಿ ತೆಗೆ. ಖುಷಿಯಲ್ಲಿ ಓಡಿಸಿದೆ. ತಪ್ಪು ಹಾಗೇ ಇತ್ತು! ಅರ್ಧ ದಿನ ತಲೆ ಕೆರೆದುಕೊಂಡೆ. ಬೀಗ ಇರೋದು ಫಂಕ್ಷನ್ ಒಳಗೆ ಮಾತ್ರ. ಹೊರಗೆ ಬರುವಾಗ ಬೀಗ ತೆಗೆದು, ಕೈಯಲ್ಲಿ ಅದೇ ಹಂಚಿಕೊಂಡ ಜಾಗದ ಪಾಯಿಂಟರ್ ಕೊಟ್ಟು ಕಳಿಸ್ತಿದ್ದೆ. ಬಾಗಿಲಿಗೆ ಬೀಗ ಜಡಿದು ಕಿಟಕಿ ತೆರೆದಿಟ್ಟ ಹಾಗೆ.

ಸರಿ, ಎಲ್ಲಾ ಫಂಕ್ಷನ್‌ಗೂ ಅದೇ ಬೀಗ ಹಾಕೋಣ ಅಂದುಕೊಂಡೆ. ಈ ಸಲ ಪ್ರೋಗ್ರಾಂ ಸುಮ್ಮನೆ ನಿಂತುಬಿಡ್ತು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಸಿಪಿಯು ಸೊನ್ನೆ. ಆಗಿದ್ದು ಏನಂದ್ರೆ, ಒಂದು ಫಂಕ್ಷನ್ ಬೀಗ ಹಿಡ್ಕೊಂಡೇ ಇನ್ನೊಂದು ಫಂಕ್ಷನ್ ಕರೀತಿತ್ತು. ಅದೂ ಒಳಗೆ ಹೋಗಿ ಅದೇ ಬೀಗ ಕೇಳ್ತಿತ್ತು. ತನ್ನ ಜೇಬಿನಲ್ಲೇ ಬೀಗದಕೈ ಇಟ್ಟುಕೊಂಡು, ಯಾರಾದ್ರೂ ಬಂದು ಬಾಗಿಲು ತೆಗೀಲಿ ಅಂತ ಹೊರಗೆ ಕಾಯ್ತಾ ಕೂತ ಹಾಗೆ. ತನ್ನ ಜೊತೆ ತಾನೇ ಡೆಡ್‌ಲಾಕ್.

ಆ ಹೊತ್ತಿಗೆ ನಾನು ಮೇಡಂ ಹತ್ತಿರ ಹೋದೆ. ಅವರು ನನ್ನ ಕೋಡ್ ಪೂರ್ತಿ ನೋಡಲೂ ಇಲ್ಲ. "ಬೀಗ ಎಷ್ಟು ಬೇಕು ಅನ್ನೋದು ಆಮೇಲೆ. ಮೊದಲು ಹೇಳು, ಆ ಜಾಗ ಯಾಕೆ ಹಂಚಿಕೋಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಸ್ಟ್ರ್‌ಟಾಕ್ ಬಳಸಿದ್ದೀಯಲ್ಲ, ಅದರ ಮ್ಯಾನ್ ಪೇಜ್ ಪೂರ್ತಿ ಓದಿ ಬಾ" ಅಂತ ಕಳಿಸಿದರು.

ಓದಿದೆ. ಸ್ಟ್ರ್‌ಟಾಕ್ ನಮಗೆಲ್ಲ ಮೊದಲ ವರ್ಷವೇ ಪರಿಚಯ, ಸ್ಟ್ರಿಂಗನ್ನ ತುಂಡು ತುಂಡು ಮಾಡೋ ಫಂಕ್ಷನ್. ಮೊದಲ ಸಲ ಸ್ಟ್ರಿಂಗ್ ಕೊಡ್ತೀವಿ, ಆಮೇಲಿನ ಸಲ ನಲ್ ಕೊಡ್ತೀವಿ. ನಲ್ ಕೊಟ್ರೆ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದು ಅದಕ್ಕೆ ಹೇಗೆ ನೆನಪಿರುತ್ತೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಒಳಗೊಂದು ಸ್ಟ್ಯಾಟಿಕ್ ಪಾಯಿಂಟರ್ ಇದೆ. ಇಡೀ ಪ್ರೋಗ್ರಾಂಗೆ ಒಂದೇ. ಅಂದ್ರೆ ನನ್ನ ಲೈಬ್ರರಿಯ ತಪ್ಪನ್ನೇ ಸಿ ಲೈಬ್ರರಿಯೂ ಮಾಡಿದೆ! ಮ್ಯಾನ್ ಪೇಜಿನ ಕೆಳಗೆ ಒಂದು ಪಟ್ಟಿ ಇರುತ್ತೆ, ಯಾರೂ ಅಲ್ಲಿವರೆಗೂ ಹೋಗಲ್ಲ. ಅದರಲ್ಲಿ ಸ್ಟ್ರ್‌ಟಾಕ್ ಎದುರಿಗೆ ಎಂಟಿ-ಅನ್‌ಸೇಫ್ ಅಂತಿದೆ. ಅಂದ್ರೆ ಹಲವು ಥ್ರೆಡ್‌ಗಳಿಗೆ ಸುರಕ್ಷಿತ ಅಲ್ಲ. ಸಮಯ ತೋರಿಸೋಕೆ ನಾನು ಬಳಸಿದ್ದ ಲೋಕಲ್‌ಟೈಮ್ ಕೂಡ ಅದೇ ಜಾತಿ.

ಅಷ್ಟು ದೊಡ್ಡವರು ಯಾಕೆ ಹೀಗೆ ಬರೆದರು? ಅವರು ಬರೆದ ಕಾಲಕ್ಕೆ ಅದು ತಪ್ಪಾಗಿರಲಿಲ್ಲ. ಸಿ ಭಾಷೆ ಹುಟ್ಟಿದ್ದು 1970ರ ದಶಕದ ಶುರುವಿನಲ್ಲಿ, ಯುನಿಕ್ಸ್ ಜೊತೆಗೆ. ಆಗ ಒಂದು ಪ್ರೋಗ್ರಾಂ ಒಳಗೆ ಕೆಲಸ ಮಾಡೋ ಕೈ ಒಂದೇ. ಅಡುಗೆಮನೆಯಲ್ಲಿ ಒಬ್ಬರೇ ಭಟ್ಟರು ಇದ್ದಾಗ ಉಪ್ಪಿನ ಡಬ್ಬಿ ಎಲ್ಲಿಟ್ಟರೇನು? ಥ್ರೆಡ್‌ಗಳಿಗೆ ಪಾಸಿಕ್ಸ್ ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ನಿಯಮ ಬಂದದ್ದು 1995ರಲ್ಲಿ. ಸಿ ಭಾಷೆಯ ಸ್ಟ್ಯಾಂಡರ್ಡಿಗೇ ಥ್ರೆಡ್ ಸೇರಿದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಹಳೇ ಫಂಕ್ಷನ್ ಬಳಸಿದ ಪ್ರೋಗ್ರಾಂಗಳು ಲೆಕ್ಕವಿಲ್ಲದಷ್ಟು ಇದ್ದವು. ಅವನ್ನ ಕೆಡಿಸೋ ಹಾಗಿಲ್ಲ, ಹೊಸಬರಿಗೆ ಸುರಕ್ಷಿತವಾದದ್ದು ಕೊಡದೇ ಇರೋ ಹಾಗೂ ಇಲ್ಲ.

ಅದಕ್ಕೆ ಎರಡು ಥರ ಉಪಾಯ ಮಾಡಿದರು. ಒಂದು, ಪಕ್ಕದಲ್ಲೇ ತಮ್ಮನ ಹಾಗೆ ಹೊಸ ಫಂಕ್ಷನ್ ಇಟ್ಟರು, ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಆರ್ ಸೇರಿಸಿ. ಸ್ಟ್ರ್‌ಟಾಕ್‌ಗೆ ಸ್ಟ್ರ್‌ಟಾಕ್-ಆರ್, ಲೋಕಲ್‌ಟೈಮ್‌ಗೆ ಲೋಕಲ್‌ಟೈಮ್-ಆರ್. ಇವು ತಮ್ಮ ಒಳಗೆ ಏನೂ ಬಚ್ಚಿಡಲ್ಲ. ನೆನಪಿಡೋ ಜಾಗ ನೀನೇ ಕೊಡು, ನಾನು ಅದರಲ್ಲಿ ಬರೀತೀನಿ ಅಂತವೆ. ಊಟಕ್ಕೆ ಬರುವವರು ಅವರವರ ತಟ್ಟೆ ಅವರೇ ತಂದ ಹಾಗೆ.

ಎರಡನೆಯದು ನನಗೆ ಇನ್ನೂ ಇಷ್ಟ ಆಯ್ತು. ಎರ್‌ನೋ ಗೊತ್ತಲ್ಲ, ಸಿಸ್ಟಮ್ ಕಾಲ್ ಫೇಲ್ ಆದ್ರೆ ಯಾಕೆ ಅಂತ ಹೇಳೋ ನಂಬರ್. ಹಳೇ ಕಾಲದಲ್ಲಿ ಅದು ಒಂದೇ ಒಂದು ಗ್ಲೋಬಲ್ ವೇರಿಯಬಲ್. ನನ್ನ ಫೈಲ್ ತೆರೀಲಿಲ್ಲ ಅನ್ನೋ ಎರರನ್ನ ನಾನು ಓದೋದ್ರೊಳಗೆ ಪಕ್ಕದ ಥ್ರೆಡ್‌ನ ನೆಟ್‌ವರ್ಕ್ ಎರರ್ ಅದರ ಮೇಲೆ ಕೂರಬಹುದು. ಹೆಸರು ಬದಲಾಯಿಸಿದ್ರೆ ಲೋಕದ ಕೋಡೆಲ್ಲ ಒಡೆಯುತ್ತೆ. ಹಾಗಾಗಿ ಹೆಸರು ಹಾಗೇ ಇಟ್ಟು ಒಳಗಿನದನ್ನ ಬದಲಾಯಿಸಿದರು. ಲಿನಕ್ಸ್‌ನಲ್ಲಿ ಈಗ ಎರ್‌ನೋ ಒಂದು ಮ್ಯಾಕ್ರೋ. ಅದು ಒಂದು ಫಂಕ್ಷನ್ ಕರೆದು, ಈ ಥ್ರೆಡ್‌ನ ಎರ್‌ನೋ ಎಲ್ಲಿದೆ ಅಂತ ವಿಳಾಸ ಕೇಳಿ ಅಲ್ಲಿಂದ ಓದುತ್ತೆ. ನಾವು ಬರೆಯೋದು ಅದೇ ಐದಕ್ಷರ, ಆದ್ರೆ ಪ್ರತಿ ಥ್ರೆಡ್‌ಗೂ ಅವರವರದೇ ಎರ್‌ನೋ.

'ಸಾಲು' ಲೈಬ್ರರಿಯನ್ನ ಮೊದಲಿಂದ ಬರೆದೆ. ಸ್ಟ್ಯಾಟಿಕ್ ಜಾಗ ಎಲ್ಲ ಕಿತ್ತುಹಾಕಿದೆ. ಕರೆಯುವವರೇ ಜಾಗ ಕೊಡಬೇಕು. ತಮಾಷೆ ಅಂದ್ರೆ, ಇಷ್ಟು ಮಾಡಿದ ಮೇಲೆ ಮೊದಲು ಹಾಕಿದ್ದ ಬೀಗಗಳು ಒಂದೂ ಬೇಕಾಗಲಿಲ್ಲ. ಹಂಚಿಕೊಳ್ಳೋದೇ ಇಲ್ಲ ಅಂದ ಮೇಲೆ ಜಗಳ ಎಲ್ಲಿಂದ?

ಟೆಸ್ಟ್ ಹೇಗೆ ಮಾಡಬೇಕು ಅನ್ನೋ ಉಪಾಯ ನನ್ನ ರೂಮ್‌ಮೇಟ್‌ದು. "ಎ ಬ್ಲಾಕಿಗೆ ಯಾವಾಗಲೂ 11 ಕಳಿಸು, ಬಿ 22, ಸಿ 33, ಡಿ 44. ಸಿ ಒಳಗ 33 ಬಿಟ್ಟು ಬ್ಯಾರೆ ಏನರ ಬಂತಂದ್ರ ಅಲ್ಲೇ ಹಿಡಿ." ಐದು ಸೆಕೆಂಡ್ ಕಾಯೋದೂ ಇಲ್ಲ, ಎಷ್ಟು ವೇಗವಾಗಿ ಆಗುತ್ತೋ ಅಷ್ಟು ವೇಗವಾಗಿ ಕಳಿಸಿದೆವು. ಹಳೇ ಲೈಬ್ರರಿ ಒಂದು ನಿಮಿಷದೊಳಗೆ ಸಿಕ್ಕಿಬಿತ್ತು. ಹೊಸದನ್ನ ರಾತ್ರಿಯೆಲ್ಲ ಓಡಲು ಬಿಟ್ಟೆವು. ಬೆಳಿಗ್ಗೆ ನೋಡಿದ್ರೆ ಒಂದೂ ತಪ್ಪಿಲ್ಲ.

ಅಷ್ಟಕ್ಕೇ ನಿಲ್ಲಿಸಿಬಿಡ್ತಿದ್ದೆ. ಮೇಡಂ ಮಾತ್ರ "ತಪ್ಪು ಕಾಣಲಿಲ್ಲ ಅಂದ್ರೆ ತಪ್ಪಿಲ್ಲ ಅಂತಲ್ಲ" ಅಂದು ಥ್ರೆಡ್ ಸ್ಯಾನಿಟೈಸರ್ ಹಾಕೋಕೆ ಹೇಳಿದರು. ಜಿಸಿಸಿಯಲ್ಲೇ ಇದೆ, ಕಂಪೈಲ್ ಮಾಡುವಾಗ ಒಂದು ಫ್ಲ್ಯಾಗ್ ಸೇರಿಸಿದ್ರೆ ಸಾಕು. ಪ್ರೋಗ್ರಾಂ ಐದರಿಂದ ಹದಿನೈದು ಪಟ್ಟು ನಿಧಾನ ಆಗುತ್ತೆ, ಆದ್ರೆ ಇಬ್ಬರು ಒಂದೇ ಜಾಗ ಮುಟ್ಟೋದನ್ನ ಕಾವಲು ಕೂತು ನೋಡುತ್ತೆ. ಒಟ್ಟು ಎಷ್ಟು ಸಾಲು ಬಂತು ಅಂತ ಎಣಿಸೋಕೆ ಎಲ್ಲೋ ಒಂದು ಕೌಂಟರ್ ಇಟ್ಟಿದ್ದೆ, ನನಗೇ ಮರೆತಿತ್ತು. ಅದನ್ನ ಹಿಡಿದು ಕೊಟ್ಟಿತು. ಆ ಒಂದನ್ನ ನಾಲ್ವರೂ ನಿಜವಾಗಿ ಹಂಚಿಕೊಳ್ಳಲೇಬೇಕು. ಅದನ್ನ ಅಟಾಮಿಕ್ ಮಾಡಿದೆ, ಅಂದ್ರೆ ಆ ಮೂರು ಕೆಲಸ ಮಧ್ಯೆ ತುಂಡಾಗದ ಹಾಗೆ.

ಮೇಡಂ ಆ ದಿನ ಥೆರಾಕ್-25 ಅನ್ನೋ ಮೆಷಿನ್ ಕಥೆ ಹೇಳಿದರು. ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಷನ್ ಕೊಡೋ ಮೆಷಿನ್. 1985ರಿಂದ 87ರ ಒಳಗೆ ಅಮೆರಿಕ, ಕೆನಡಾದಲ್ಲಿ ಆರು ಜನಕ್ಕೆ ವಿಪರೀತ ರೇಡಿಯೇಷನ್ ಬಿತ್ತು, ಕೆಲವರು ತೀರಿಕೊಂಡರು. ಕಾರಣಗಳಲ್ಲಿ ಒಂದು ಇದೇ ರೇಸ್ ಕಂಡಿಷನ್. ಆಪರೇಟರ್ ಕೈ ಪಳಗಿ, ಬೇಗ ಬೇಗ ಟೈಪ್ ಮಾಡಿದಾಗ ಮಾತ್ರ ಅದು ಬರ್ತಿತ್ತು. ತಯಾರಿಸಿದವರು ಶುರುವಿನಲ್ಲಿ, ನಮ್ಮ ಮೆಷಿನ್‌ನಿಂದ ಹಾಗಾಗೋಕೆ ಸಾಧ್ಯವೇ ಇಲ್ಲ ಅಂದಿದ್ದರಂತೆ. ನಾನು ತಲೆ ತಗ್ಗಿಸಿ ಕೂತೆ. ನನ್ನ ತಪ್ಪಿನಿಂದ ಆಗಿದ್ದು ಬರೀ ಒಂದು ಬ್ಲಾಕಿನ ಸ್ನಾನ. ಆದ್ರೆ ಮಾತು ಅದೇ.

ರೂಮಿಗೆ ಬಂದು ಅವನಿಗೆ ಸಾರಿ ಕೇಳಿದೆ. ಎರಡು ದಿನದಿಂದ ರಿಹರ್ಸಲ್ ಮಾಡಿದ್ದೆ, ಬಾಯಿಂದ ಬಂದದ್ದು "ಮಗಾ, ತಪ್ಪು ನಂದಾಗಿತ್ತು" ಅಷ್ಟೇ. ಅವನು ನೋಟ್‌ಬುಕ್‌ನಿಂದ ತಲೆ ಎತ್ತಲಿಲ್ಲ. "ಗೊತ್ತೈತಿ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ವಾರ್ಡನ್ ಮುಂದ ಹೇಳಿದ್ಯಲ್ಲ, ಅದಕ್ಕ ಬ್ಯಾಸರಾತು. ರೂಮ್‌ನ್ಯಾಗ ಹೇಳಿದ್ರ ಏನೂ ಅನ್ನಿಸ್ತಿರಲಿಲ್ಲ" ಅಂದ.

ಮರುದಿನ ಇಬ್ಬರೂ ವಾರ್ಡನ್ ರೂಮಿಗೆ ಹೋದೆವು. ಈ ಸಲ ಕನ್ನಡದಲ್ಲೇ ಹೇಳಿದೆ. ಸೆನ್ಸರ್ ಸರಿಯಾಗಿತ್ತು ಸಾರ್, ತಪ್ಪಿದ್ದು ನನ್ನ ಪ್ರೋಗ್ರಾಂ, ನೀರುಗಂಟಿ ಅಣ್ಣಂದೂ ಏನೂ ತಪ್ಪಿಲ್ಲ ಅಂತ. ಅವರು ಫೈಲಿನಿಂದ ಕಣ್ಣು ತೆಗೆಯದೆ "ಹೌದಾ? ಈಗ ನೀರು ಬರುತ್ತಾ?" ಅಂದರು. ಬರುತ್ತೆ ಅಂದೆ. "ಸರಿ ಹೋಗಿ" ಅಂದರು. ನಾನು ಅಂದುಕೊಂಡಷ್ಟು ದೊಡ್ಡ ಸೀನ್ ಏನೂ ಆಗಲಿಲ್ಲ.

ನೀರುಗಂಟಿ ಅಣ್ಣನ ಹತ್ತಿರ ಹೇಳೋದೇ ಕಷ್ಟ ಆಯ್ತು. ಥ್ರೆಡ್, ಸ್ಟ್ಯಾಟಿಕ್ ಅಂತ ಏನು ಹೇಳೋದು? ನಾಲ್ಕು ಜನ ಒಂದೇ ಹಾಳೆಯಲ್ಲಿ ಬರೀತಿದ್ರಣ್ಣ, ಒಬ್ಬರದರ ಮೇಲೆ ಇನ್ನೊಬ್ಬರು ಬರೆದುಬಿಡ್ತಿದ್ರು, ಈಗ ನಾಲ್ವರಿಗೂ ಬೇರೆ ಹಾಳೆ ಕೊಟ್ಟಿದ್ದೀನಿ ಅಂದೆ. ಅವರು ನಕ್ಕರು. ಸೊಂಟದಿಂದ ವಾಲ್ವ್ ತಿರುಗಿಸೋ ಕಬ್ಬಿಣದ ಕೀ ತೆಗೆದು ತೋರಿಸಿ, "ಅದಕ್ಕೇ ಕಣಪ್ಪ ಇದು ಒಂದೇ ಇರೋದು. ಮೊದಲು ಎರಡಿತ್ತು. ನಾನು ಸಿ ಬಿಟ್ಟು ಬಂದ್ರೆ ಇನ್ನೊಬ್ಬ ಹೋಗಿ ಮುಚ್ಚೋನು" ಅಂದರು. ಐದು ಮಾರ್ಕಿನ ನನ್ನ ಉತ್ತರ ಆ ಕೀ ಮೇಲೆ ಇತ್ತು.

ಈಗ ಅವರು ತಾರಸಿ ಹತ್ತಲ್ಲ. ವಾರಕ್ಕೊಂದು ಸಲ ಮಾತ್ರ ಹತ್ತಿ ಕೋಲು ಹಾಕಿ ನೋಡ್ತಾರೆ. ನಮ್ಮ ಮೇಲೆ ಪೂರ್ತಿ ನಂಬಿಕೆ ಬಂದಿಲ್ಲ. ಬರಬೇಕಾಗಿಯೂ ಇಲ್ಲ, ಅದೊಂದು ಒಳ್ಳೇ ಟೆಸ್ಟ್.

ಜೂನಿಯರ್‌ಗಳಿಗೆ ಒಂದು ಮಾತು. ನೀವು ಲೈಬ್ರರಿ ಬರೆದ್ರೆ, ಪ್ರತಿ ಫಂಕ್ಷನ್ ಮೇಲೂ ಒಂದು ಸಾಲು ಬರೆದಿಡಿ: ಇದನ್ನ ಹಲವು ಥ್ರೆಡ್ ಒಟ್ಟಿಗೆ ಕರೆಯಬಹುದೋ ಇಲ್ಲವೋ, ಕರೆಯೋದಾದ್ರೆ ಯಾವ ಜಾಗ ಯಾರದು. 'ಸಾಲು' ಈಗ ಸುರಕ್ಷಿತ ಅಂತ ನಾನು ಹೇಳಬಹುದು, ಆದ್ರೆ ಇಬ್ಬರು ಒಂದೇ ಜಾಗ ತಂದು ಕೊಟ್ರೆ ಮತ್ತೆ ಅದೇ ಕಥೆ. ಅದನ್ನೂ ಬರೆದಿದ್ದೀನಿ. ಮತ್ತೆ, ಮ್ಯಾನ್ ಪೇಜಿನ ಕೊನೆವರೆಗೂ ಓದಿ.

ಈ ಲೇಖನ ಕಳಿಸೋ ಮುಂಚೆ ಅವನಿಗೆ ಓದೋಕೆ ಕೊಟ್ಟೆ. ಹದಿನಾಲ್ಕು ಕಾಗುಣಿತ ತಪ್ಪು ಹಿಡಿದು, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟ. ಅವನ್ನೆಲ್ಲ ತಿದ್ದಿದ್ದೀನಿ. ಇನ್ನೂ ಏನಾದ್ರೂ ತಪ್ಪು ಉಳಿದಿದ್ರೆ, ಅದು ನಂದೇ.